ಗುಜರಿಯ ಟ್ರೇಲರ್ ಮನೆಯಾಯಿತು, ಉಮ್ಮ ಶಹಾಪುರ ನೋಡಿದರು

ಶಹಾಪುರದಲ್ಲಿ ನಮ್ಮ ಗುಜರಿ ಅಂಗಡಿಯ ಮುಂದೆ ಬಿಳಿ ಬಣ್ಣದ ಒಂದು ಟ್ರೇಲರ್ ನಿಂತಿರುತ್ತದೆ. ಕಿಟಕಿಗೆ ಪರದೆ, ಬಾಗಿಲಿಗೆ ಗಿಡ್ಡ ಮೆಟ್ಟಿಲು, ಮೇಲೆ ಸೋಲಾರ್. ದಾರಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತೇ ಹೋಗುವುದು. "ಏನ್ರಿ ಸಾಹುಕಾರ್ರ, ಇದು ದವಾಖಾನಿ ಏನ್ರಿ, ಹೋಟೆಲ್ಲೋ?" ಎಂದು ಕೇಳುತ್ತಾರೆ. ಮನೆ ಎಂದರೆ ನಗುತ್ತಾರೆ. ಆರು ತಿಂಗಳ ಹಿಂದೆ ನಾವೂ ನಗುತ್ತಿದ್ದೆವು.

ನಾವು ಬಂಟ್ವಾಳ ಕಡೆಯ ಮೂವರು ಅಣ್ಣತಮ್ಮಂದಿರು. ನಾರಾಯಣಪುರ ಅಣೆಕಟ್ಟಿನ ಕಾಲುವೆ ಕೆಲಸ ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ನಮ್ಮ ಉಪ್ಪ ಇಲ್ಲಿಗೆ ಬಂದು ಕೂಲಿಯವರಿಗೆ ಚಾ, ಪರೋಟದ ಹೋಟೆಲ್ ಇಟ್ಟರು. ಆಮೇಲೆ ಗುಜರಿ. 27 ವರ್ಷ ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಕಳೆದರು. ಎರಡು ಪೆರ್ನಾಳಿಗೆ ಊರಿಗೆ ಬರುತ್ತಿದ್ದರು, ಅಷ್ಟೆ. ಉಮ್ಮ ಊರಲ್ಲಿ ನಮ್ಮನ್ನು ಸಾಕಿದರು. ನಡುವೆ ಒಮ್ಮೆ ಶಹಾಪುರಕ್ಕೆ ಬಂದಿದ್ದರಂತೆ. ಆಗ ಕೋಣೆಗೆ ಸರಿಯಾದ ಪಾಯಿಖಾನೆ ಇರಲಿಲ್ಲ, ಮೇ ತಿಂಗಳ ಬಿಸಿಲು ಬೇರೆ. ಎರಡೇ ದಿನಕ್ಕೆ ಹಿಂದೆ ಹೋದರು.

ಉಪ್ಪ ತೀರಿಹೋಗಿ ಎಂಟು ವರ್ಷ. ಕಳೆದ ವರ್ಷ ಊರಿಗೆ ಹೋದಾಗ ಉಮ್ಮ ಊಟ ಬಡಿಸುತ್ತಾ ಹೇಳಿದರು: "ನಿಮ್ಮ ಉಪ್ಪ ಆಯುಷ್ಯ ಕಳೆದ ಊರನ್ನು ನಾನು ಸರಿಯಾಗಿ ನೋಡಲೇ ಇಲ್ಲ." ಈಗ ಉಮ್ಮನಿಗೆ ಮೊಣಕಾಲು ಮಡಚಲು ಆಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ರಾತ್ರಿ ನಾಲ್ಕು ಸಲ ಏಳಬೇಕು. ನಮ್ಮ ಕೋಣೆ ಈಗಲೂ ಗಂಡಸರು ಮಲಗುವ ಕೋಣೆಯೇ. ಲಾಡ್ಜ್ ಅಂದರೆ ಮೆಟ್ಟಿಲು. ಗೋಗಿ, ಸುರಪುರ ಎಂದು ತಿರುಗಿದರೆ ದಾರಿಯಲ್ಲಿ ಹೆಂಗಸರಿಗೆ ಹೋಗಲು ಜಾಗ ಎಲ್ಲಿ? ಮಾತು ಅಲ್ಲಿಗೇ ನಿಂತಿತ್ತು.

ತೂಕಕ್ಕೆ ಬಂದ ಗಾಡಿ

ಆಗ ಅಂಗಡಿಗೆ ಈ ಟ್ರೇಲರ್ ಬಂತು. ಕಾಲುವೆ, ರಸ್ತೆ ಕೆಲಸದ ಗುತ್ತಿಗೆದಾರರು ಮೇಸ್ತ್ರಿಗಳು ಮಲಗಲು ಇಟ್ಟುಕೊಳ್ಳುತ್ತಿದ್ದ ಕ್ಯಾಂಪ್ ಗಾಡಿ. 14 ಅಡಿ ಉದ್ದ, ಆರೂವರೆ ಅಡಿ ಅಗಲ, ಕಬ್ಬಿಣದ ಚೌಕಟ್ಟು, ಹೊರಗೆ ತಗಡು, ಒಳಗೆ ಪ್ಲೈವುಡ್. ಕಿಲೋ ಲೆಕ್ಕದಲ್ಲಿ ಬಂದದ್ದು. ಇಲ್ಲಿಯವರ ಮಾತಿನಲ್ಲಿ ಮೋಡಕಾ ಸಾಮಾನು. ಗ್ಯಾಸ್ ಕಟರ್ ಹಚ್ಚುವ ಮೊದಲು ಕಾಕ ಒಳಗೆ ಹೋಗಿ ತುಕ್ಕು ಹಿಡಿದ ಮಂಚದ ಮೇಲೆ ಕೂತರು. ಹತ್ತು ನಿಮಿಷ ಬಿಟ್ಟು ಹೊರಗೆ ಬಂದು, "ಇದನ್ನು ಕತ್ತರಿಸುವುದು ಬೇಡ" ಎಂದರು.

ಮನೆಯಲ್ಲಿ ಎಲ್ಲರೂ ಒಪ್ಪಲಿಲ್ಲ. ಇದು ಇಸ್ರಾಫ್ ಅಲ್ಲವಾ, ದುಂದು ಖರ್ಚಲ್ಲವಾ ಎಂದು ನಮ್ಮ ಮಾಮ ಫೋನಿನಲ್ಲಿ ನೇರವಾಗಿ ಕೇಳಿದರು. ಸರಿಯಾದ ಪ್ರಶ್ನೆಯೇ. ನಾವು ಎರಡು ಷರತ್ತು ಹಾಕಿಕೊಂಡೆವು. ಸಾಲ ಮಾಡಬಾರದು, ನಮ್ಮ ಕೆಲಸ ಮುಗಿದ ಮೇಲೆ ಗಾಡಿ ಸುಮ್ಮನೆ ನಿಲ್ಲಬಾರದು, ಬೇಕಾದವರಿಗೆ ಕೊಡಬೇಕು.

ನಾವು ಮಾಡಿದ ತಪ್ಪು

ಮೊದಲ ತಿಂಗಳು ನಾವು ಮಾಡಿದ್ದೆಲ್ಲ ಅಂದ ಚೆಂದದ ಕೆಲಸ. ತಗಡಿಗೆ ಪುಟ್ಟಿ ಹಚ್ಚಿದೆವು, ಬಣ್ಣ ಹೊಡೆದೆವು, ಹೊಸ ರೆಕ್ಸಿನ್ ಹಾಸಿದೆವು. ಫೋಟೋ ನೋಡಿ ಊರಲ್ಲಿ ಮಕ್ಕಳು ಕುಣಿದರು. ಆಮೇಲೆ ಟ್ರ್ಯಾಕ್ಟರಿಗೆ ಕಟ್ಟಿ ಭೀಮರಾಯನಗುಡಿವರೆಗೆ ಒಂದು ಸುತ್ತು ಹೋಗಿ ಬರೋಣ ಎಂದು ಹೊರಟೆವು. ರಸ್ತೆಯ ಒಂದು ಉಬ್ಬಿನಲ್ಲಿ ಟಪ್ ಎಂದು ಶಬ್ದ. ಎತ್ತಿನ ಗಾಡಿಗೆ ಮೂಕಿ ಇದ್ದ ಹಾಗೆ ಟ್ರೇಲರ್‌ಗೆ ಮುಂದೆ ಎಳೆಯುವ ದಂಡ ಇರುತ್ತದಲ್ಲ, ಅದು ಚೌಕಟ್ಟಿಗೆ ಸೇರುವಲ್ಲಿ ಬೆಸುಗೆ ಬಿಟ್ಟಿತ್ತು. ಗಾಡಿ ಮೂಗು ನೆಲಕ್ಕೆ ಊರಿ ನಿಂತಿತು. ಒಳಗೆ ಯಾರೂ ಇರಲಿಲ್ಲ, ಹಿಂದೆ ವಾಹನ ಇರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಉಮ್ಮನ ಕಾರು ಅದರ ಹಿಂದೆಯೇ ಇರುವ ದಿನ ಇದಾಗಿದ್ದರೆ ಎಂದು ಆ ರಾತ್ರಿ ಮೂವರಿಗೂ ನಿದ್ದೆ ಬರಲಿಲ್ಲ.

ಮರುದಿನ ಬಂದ ಇಲ್ಲಿಯ ಹಿರಿಯ ವೆಲ್ಡರ್ ಗಾಡಿಯ ಕೆಳಗೆ ಮಲಗಿ ಸುತ್ತಿಗೆಯಿಂದ ಚೌಕಟ್ಟನ್ನು ತಟ್ಟುತ್ತಾ ಹೋದರು. ಗಟ್ಟಿ ಕಬ್ಬಿಣ ಕಣಕಣ ಎನ್ನುತ್ತದೆ, ಒಳಗೆ ತಿಂದುಹೋದದ್ದು ಮಂಕಾಗಿ ಕೇಳಿಸುತ್ತದೆ. "ಮನಿ ಕಟ್ಟೋರು ಮದ್ಲ ತಳಾ ನೋಡ್ತಾರ್ರಿ. ನೀವು ಮದ್ಲ ಸುಣ್ಣಾ ಹಚ್ಚೀರಿ" ಎಂದರು. ಗುಜರಿ ಅಂಗಡಿಯವರಿಗೇ ಕಬ್ಬಿಣದ ಪಾಠ! ಬೇರೆಯವರಿಗೆ ಈ ಲೇಖನದಿಂದ ಒಂದೇ ಉಪಯೋಗ ಆಗುವುದಾದರೆ ಅದು ಇದೇ: ಹಳೆಯ ಟ್ರೇಲರ್ ಕೊಳ್ಳುವಾಗ ಬಾಗಿಲು ತೆರೆಯುವ ಮೊದಲು ಕೆಳಗೆ ಮಲಗಿ ನೋಡಿ.

ತಳದಿಂದ ಮತ್ತೆ ಶುರು

ಹಚ್ಚಿದ ರೆಕ್ಸಿನ್ ಕಿತ್ತೆವು. ನೆಲದ ಪ್ಲೈವುಡ್ ಎತ್ತಿದರೆ ಮೂಲೆಗಳು ಅವಲಕ್ಕಿಯಂತೆ ಉದುರಿದವು. ಕಿಟಕಿಯ ಸಂದಿಯಿಂದ ಇಳಿದ ಮಳೆನೀರು ವರ್ಷಗಟ್ಟಲೆ ಅಲ್ಲಿ ನಿಂತಿತ್ತು. ತಿಂದುಹೋದ ಎರಡು ಅಡ್ಡಪಟ್ಟಿ ಬದಲಿಸಿದೆವು, ಎಳೆಯುವ ದಂಡವನ್ನು ಹೊಸದಾಗಿ ಮಾಡಿಸಿ ಎರಡೂ ಬದಿಗೆ ತ್ರಿಕೋನದ ತಗಡು ಕೊಟ್ಟು ಬೆಸೆದೆವು. ಬೆಸುಗೆ ಹಾಕಿದಲ್ಲೆಲ್ಲ ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿದ ಮೇಲೆಯೇ ಬಣ್ಣ.

ಆಮೇಲೆ ಗಾಲಿ. ಬೇರಿಂಗ್‌ನಲ್ಲಿ ಗ್ರೀಸ್ ಕಲ್ಲಾಗಿತ್ತು. ಎರಡೂ ಹೊಸದು ಹಾಕಿದೆವು. ಕಮಾನು ಪಟ್ಟಿಯಲ್ಲಿ ಒಂದು ಎಲೆ ಮುರಿದಿತ್ತು. ಟೈರಿನಲ್ಲಿ ಹೂವು ಚೆನ್ನಾಗಿಯೇ ಇತ್ತು, ಆದರೆ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ ನೋಡಬೇಕು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ನಮ್ಮದರಲ್ಲಿ 1409 ಎಂದಿತ್ತು, ಅಂದರೆ 2009ರ 14ನೇ ವಾರ. ಓಡದೆ ನಿಂತ ಗಾಡಿಯ ಟೈರ್ ಸವೆಯುವುದಿಲ್ಲ, ರಬ್ಬರ್ ಮಾತ್ರ ಬಿಸಿಲಿಗೆ ಬಿರಿಯುತ್ತದೆ. ಅಂಥ ಟೈರನ್ನು ನಂಬಬಾರದು.

ಸೋರಿಕೆ ಹುಡುಕಲು ಒಬ್ಬ ಒಳಗೆ ಟಾರ್ಚ್ ಹಿಡಿದು ಕೂತ, ಇನ್ನೊಬ್ಬ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟ. ಕೆಳಗಿನಿಂದ ಮೇಲೆ ಹೋಗುತ್ತಾ ನೀರು ಬಿಟ್ಟರೆ ಯಾವ ಸಂದಿ ಸೋರುತ್ತದೆಂದು ಸ್ಪಷ್ಟವಾಗುತ್ತದೆ. ಹಳೆಯ ಅಂಟನ್ನು ಪೂರ್ತಿ ಕೆರೆದು ತೆಗೆಯದೆ ಅದರ ಮೇಲೆಯೇ ಹೊಸದು ಬಳಿದರೆ ಒಂದು ಮಳೆಗೂ ನಿಲ್ಲುವುದಿಲ್ಲ.

ಯಾದಗಿರಿಯ ಬಿಸಿಲಿಗೆ ತಗಡಿನ ಚಾವಣಿ ರೊಟ್ಟಿಯ ಹೆಂಚಿದ್ದ ಹಾಗೆ. ಮೇಲೆ ಬಿಳಿ ಬಣ್ಣ, ಒಳಗೆ ತಗಡಿಗೂ ಪ್ಲೈವುಡ್‌ಗೂ ನಡುವೆ ಗ್ಲಾಸ್ ವೂಲ್ ತುಂಬಿದೆವು. ಥರ್ಮೋಕೋಲ್ ಅಗ್ಗ, ಆದರೆ ಬೆಂಕಿ ತಾಗಿದರೆ ಉರಿಯುತ್ತದೆ. ಗಾಳಿ ಬರಲು ಕೆಳಗೊಂದು ಜಾಲರಿ, ಬಿಸಿ ಗಾಳಿ ಹೋಗಲು ಮೇಲೊಂದು.

ಹೆಂಗಸರು ಹೇಳಿದ ಹಾಗೆ

ಒಳಗಿನ ನಕ್ಷೆ ನಮ್ಮದಲ್ಲ, ಮನೆಯ ಹೆಂಗಸರದ್ದು. ನಾವು ಅಡುಗೆಗೆ ದೊಡ್ಡ ಜಾಗ ಇಟ್ಟಿದ್ದೆವು. ಅವರು ಅದನ್ನು ಹೊಡೆದು ಹಾಕಿ ಪಾಯಿಖಾನೆ ದೊಡ್ಡದು ಮಾಡಿದರು. "ಅಡುಗೆ ಹೊರಗೂ ಮಾಡಬಹುದು, ಅದು ಹೊರಗೆ ಆಗುತ್ತದಾ?" ಎಂಬುದು ಅವರ ವಾದ. ಕುರ್ಚಿಯಂತೆ ಕೂರುವ, ಕೆಳಗಿನ ಡಬ್ಬ ಹೊರಗೆ ತೆಗೆಯಬಹುದಾದ ಕಮೋಡ್ ಇಟ್ಟೆವು. ಆ ಡಬ್ಬವನ್ನು ಪಾಯಿಖಾನೆಯಲ್ಲೇ ಖಾಲಿ ಮಾಡಬೇಕು, ಹಳ್ಳಕ್ಕೋ ಹೊಲದ ಬದಿಗೋ ಅಲ್ಲ. ಪಕ್ಕದಲ್ಲಿ ಗೋಡೆಗೆ ಹಿಡಿಕೆ. ಮೊದಲಿದ್ದ ಮೆಟ್ಟಿಲು ಒಂದಡಿಗಿಂತ ಎತ್ತರ. ಅದನ್ನು ಆರಾರು ಇಂಚಿನದ್ದು ಮಾಡಿದೆವು. ಎರಡು ಮಂಚದ ನಡುವೆ ಒಂದು ಮುಸಲ್ಲ ಹಾಸುವಷ್ಟು ಜಾಗ, ವುಝೂ ಮಾಡಲು ನಳ್ಳಿ.

ನೀರಿನ ಟ್ಯಾಂಕ್ 200 ಲೀಟರಿನದ್ದು. ತುಂಬಿದರೆ ನೀರೊಂದೇ 200 ಕಿಲೋ. ಅದನ್ನು ಹಿಂದೆ ಇಟ್ಟರೆ ಗಾಡಿ ಓಡುವಾಗ ಬಾಲ ಅಲ್ಲಾಡಿಸಿದ ಹಾಗೆ ತೂಗಾಡುತ್ತದೆ. ಹಾಗಾಗಿ ಆಕ್ಸಲ್‌ನ ನೇರ ಮೇಲೆ ಇಟ್ಟೆವು. ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಕ್ಕೆಯ ಮೇಲೆ ಬೀಳಬೇಕು ಎಂಬುದು ಲೆಕ್ಕ.

ಗ್ಯಾಸ್ ಸಿಲಿಂಡರ್ ಹೊರಗಿನ ಪೆಟ್ಟಿಗೆಯಲ್ಲಿದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಆದ್ದರಿಂದ ಪೆಟ್ಟಿಗೆಯ ತಳದಲ್ಲಿ ತೂತು ಇರಲೇಬೇಕು. ಚಳಿಗೆಂದು ಇದ್ದಿಲ ಒಲೆಯನ್ನು ಒಳಗಿಟ್ಟು ಮಲಗುವುದು ಮಾತ್ರ ಯಾವತ್ತೂ ಬೇಡ. ಅದರ ಹೊಗೆಗೆ ವಾಸನೆ ಇಲ್ಲದಿದ್ದರೂ ಪ್ರಾಣ ಹೋಗುತ್ತದೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಟ್ರೇಲರ್ ಕೂಡ ವಾಹನವೇ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಅದೇ ಕಾಯ್ದೆಯ 52ನೇ ಕಲಂ ವಾಹನದ ರೂಪ ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿ ಹೇಳಿದೆ. ನಮ್ಮ ಗಾಡಿಗೆ ಕ್ಯಾಂಪ್ ಟ್ರೇಲರ್ ಎಂದೇ ಆರ್‌ಸಿ ಇತ್ತು, ಉದ್ದ, ಅಗಲ, ಎತ್ತರ ಒಂದಿಂಚೂ ಬದಲಿಸಲಿಲ್ಲ. ಹೆಸರು ಬದಲಾವಣೆಗೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಿದ ಮೇಲೆಯೇ ರಸ್ತೆಗೆ ಇಳಿಸಿದೆವು. ಆರ್‌ಸಿ ಇಲ್ಲದ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಓಡುವಾಗ ಒಳಗೆ ಯಾರೂ ಕೂರಬಾರದು. ಮಕ್ಕಳು ಹಟ ಮಾಡಿದರೂ ಇಲ್ಲ.

ಗಾಲಿ ಮೇಲಿನ ಮನೆ ಹೊಸ ಹುಚ್ಚೇನೂ ಅಲ್ಲ. ನೌಕಾಪಡೆಯಿಂದ ನಿವೃತ್ತನಾದ ಗಾರ್ಡನ್ ಸ್ಟೇಬಲ್ಸ್ ಎಂಬ ಡಾಕ್ಟರು 1885ರಲ್ಲಿ ಎರಡು ಕುದುರೆ ಎಳೆಯುವ ಮನೆ ಮಾಡಿಸಿಕೊಂಡು ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿಗೆ ತಿರುಗಿದ. ಪಕ್ಕದ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸದ ಯೋಜನೆ ತಂದಿತು. ಇಲ್ಲಿಯ ಹಳ್ಳಿಯವರು ಅದಕ್ಕೂ ಮೊದಲಿನಿಂದ ಕಮಾನು ಕಟ್ಟಿದ ಬಂಡಿಯಲ್ಲಿ ಬುತ್ತಿ ಕಟ್ಟಿಕೊಂಡು ಜಾತ್ರೆ, ಉರೂಸಿಗೆ ಹೋಗಿ ಅಲ್ಲೇ ಮಲಗಿದವರು.

ನಾಲ್ಕು ದಿನದ ಪಯಣ

ಡಿಸೆಂಬರ್‌ನಲ್ಲಿ ಉಮ್ಮನನ್ನು ಕರೆಸಿದೆವು. ಟ್ರೇಲರ್ ಮುಂದೆ, ಉಮ್ಮ, ಹೆಂಗಸರು, ಮಕ್ಕಳು ಹಿಂದೆ ಕಾರಿನಲ್ಲಿ. ಟ್ರ್ಯಾಕ್ಟರಿನ ವೇಗವೇ ನಮ್ಮ ವೇಗ. ಎರಡೂ ಕಡೆ ಭತ್ತದ ಗದ್ದೆ ನೋಡಿ ಉಮ್ಮ, "ಇದು ನಮ್ಮ ಕಡೆ ಇದ್ದ ಹಾಗೆಯೇ ಉಂಟಲ್ಲ!" ಎಂದರು. ಉಪ್ಪ ಬಂದ ಕಾಲದಲ್ಲಿ ಇದೆಲ್ಲ ಒಣ ಹೊಲ. ಉಪ್ಪ ಚಾ ಕೊಟ್ಟ ಕೂಲಿಗಳು ತೋಡಿದ ಕಾಲುವೆಯ ನೀರು ಇದು ಎಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೊದಲ ದಿನ ಗೋಗಿ. ಚಂದಾ ಹುಸೈನಿಯವರ ದರ್ಗಾದ ಪಕ್ಕದಲ್ಲೇ ಬಿಜಾಪುರದ ಆದಿಲ್‌ಶಾಹಿ ಮನೆತನವನ್ನು ಕಟ್ಟಿದ ಯೂಸುಫ್ ಆದಿಲ್ ಶಾಹ್ ಮಲಗಿದ್ದಾನೆ, 1510ರಲ್ಲಿ ತೀರಿಹೋದವನು. ಅವನ ನಂತರದ ಮೊದಲ ಸುಲ್ತಾನರ ಗೋರಿಗಳೂ ಅಲ್ಲೇ. ಗೋಳಗುಮ್ಮಟ ನೋಡಿದವರಿಗೆ ಇದು ಬಹಳ ಸರಳ ಅನ್ನಿಸುತ್ತದೆ.

ಎರಡನೇ ದಿನ ಸುರಪುರ. ಗುಡ್ಡದ ಮೇಲಿನ ಟೇಲರ್ ಮಂಜಿಲ್, 1840ರ ದಶಕದಲ್ಲಿ ಇಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ವಾಸವಿದ್ದ ಬಂಗಲೆ. ಟೇಲರ್ ಸಾಹೇಬ ವರ್ಷದಲ್ಲಿ ಎಷ್ಟೋ ದಿನ ಡೇರೆಯಲ್ಲೇ ಕಳೆಯುತ್ತಿದ್ದ, ರಾಜನಕೊಳ್ಳೂರಿನ ಇತಿಹಾಸಪೂರ್ವ ಕಲ್ಲಿನ ಗೋರಿಗಳ ಬಗ್ಗೆ ಬರೆದವನೂ ಅವನೇ. ಏರುದಾರಿಗೆ ಟ್ರೇಲರ್ ಒಯ್ಯಲಿಲ್ಲ, ಕೆಳಗೆ ಪರಿಚಯದವರ ಹೊಲದಲ್ಲಿ ನಿಲ್ಲಿಸಿದೆವು. ಬೋನಾಳ ಕೆರೆಗೆ ಬೆಳಗ್ಗೆ ಹೋಗಿ ಹಕ್ಕಿಗಳನ್ನು ನೋಡಿ ಬಂದೆವು. ಪಕ್ಷಿಧಾಮದಲ್ಲಿ ಬೀಡು ಬಿಡುವುದು ಸರಿಯಲ್ಲ.

ಹೊಲದ ಮನೆಯವರು ರಾತ್ರಿ ಊಟ ಕಳಿಸಿದರು. "ಪುಂಡಿ ಐತ್ರಿ, ಉಣ್ರಿ" ಎಂದಾಗ ನಮ್ಮ ಮಕ್ಕಳು ಅಕ್ಕಿಯ ಪುಂಡಿ ಎಂದು ಓಡಿ ಬಂದರು. ನೋಡಿದರೆ ಹುಳಿ ಸೊಪ್ಪಿನ ಪಲ್ಯ, ಜೊತೆಗೆ ಜೋಳದ ರೊಟ್ಟಿ! ಮರುದಿನ ಉಮ್ಮ ನಮ್ಮ ಪುಂಡಿ ಮಾಡಿ ಕಳಿಸಿ ಸಾಲ ತೀರಿಸಿದರು.

ಮೂರನೇ ದಿನ ಯಾದಗಿರಿ. ಮಕ್ಕಳು ಕೋಟೆ ಹತ್ತಿದರು, ಉಮ್ಮ ಕೆಳಗೆ ಗಾಡಿಯ ಮೆಟ್ಟಿಲ ಮೇಲೆ ಕೂತು ನೋಡಿದರು. ರಾತ್ರಿ ಉಮ್ಮ ಏಳುವ ಶಬ್ದ, ಲೈಟ್ ಹಾಕುವ ಶಬ್ದ, ನೀರಿನ ಶಬ್ದ ನಮಗೆ ಹೊರಗೆ ಡೇರೆಯಲ್ಲಿ ಕೇಳಿಸುತ್ತಿತ್ತು. ಒಮ್ಮೆಯೂ ಯಾರನ್ನೂ ಕರೆಯಲಿಲ್ಲ. ಅಷ್ಟಕ್ಕಾಗಿಯೇ ನಾವು ಆರು ತಿಂಗಳು ದುಡಿದದ್ದು.

ಕೊನೆಯ ಬೆಳಗ್ಗೆ ಶಹಾಪುರದ ಹೊರಗೆ ಗಾಡಿ ನಿಲ್ಲಿಸಿದ್ದೆವು. ಸುಬಹಿ ನಮಾಝ್ ಮುಗಿಸಿ ಉಮ್ಮ ಕಿಟಕಿ ತೆರೆದರು. ಎದುರಿಗೆ ಬೆಟ್ಟದ ಸಾಲು, ಅಂಗಾತ ಮಲಗಿದ ಮನುಷ್ಯನ ಹಾಗೆ. ಇಲ್ಲಿಯವರು ಮಲಗಿದ ಬುದ್ಧ ಎನ್ನುತ್ತಾರೆ. "ಇಲ್ಲಿ ಒಬ್ಬ ಯಾವಾಗಲೂ ಮಲಗಿರುತ್ತಾನೆ, ನನಗೆ ಮಾತ್ರ ನಿದ್ದೆ ಇಲ್ಲ ಎಂದು ನಿಮ್ಮ ಉಪ್ಪ ಕಾಗದದಲ್ಲಿ ಬರೆಯುತ್ತಿದ್ದರು. ತಮಾಷೆ ಅಂದುಕೊಂಡಿದ್ದೆ," ಎಂದರು ಉಮ್ಮ. ಆಮೇಲೆ ಅಂಗಡಿಯ ಹಿಂದಿನ ಆ ಕೋಣೆಯನ್ನು ತೋರಿಸಲು ಹೇಳಿದರು.

ಟ್ರೇಲರ್ ಈಗ ಅಂಗಡಿ ಮುಂದೆಯೇ ಇದೆ. ಎರಡನೇ ಷರತ್ತಿನ ಪ್ರಕಾರ ಮೊನ್ನೆ ಇಲ್ಲಿಯ ಒಂದು ಮನೆಯವರು ಕಾಲು ನಡೆಯದ ಅಜ್ಜಿಯನ್ನು ಕರೆದುಕೊಂಡು ಉರೂಸಿಗೆ ಹೋಗಿ ಬಂದರು. ಬಾಡಿಗೆ ತೆಗೆದುಕೊಳ್ಳುವುದಿಲ್ಲ. ಒಂದೇ ಮಾತು: ಹೊರಡುವ ಮೊದಲು ನಮ್ಮ ಜೊತೆ ಗಾಡಿಯ ಕೆಳಗೆ ಮಲಗಿ, ಸುತ್ತಿಗೆಯಿಂದ ತಟ್ಟಿ ನೋಡಬೇಕು.