ಕ್ಯೂಬಾ ದ್ವೀಪದ ಸಕ್ಕರೆಯೂ ಅದರ ಗಿರಾಕಿಗಳೂ

ಭೂಗೋಳದ ಪಾಠದಲ್ಲಿ ಕ್ಯೂಬಾ ದ್ವೀಪವನ್ನು ಕುರಿತು ನಾವು ಹೇಳುತ್ತಿರುವಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, "ನೆರೆಯ ದೊಡ್ಡ ರಾಜ್ಯವು ವ್ಯಾಪಾರವನ್ನೇ ನಿಲ್ಲಿಸಿದರೆ ಆ ಚಿಕ್ಕ ನಾಡಿನವರು ಊಟಕ್ಕೇನು ಮಾಡುವರು, ಅಮ್ಮನವರೇ?" ಎಂದು ಕೇಳಿದಳು. ಗಂಟೆ ಬಾರಿಸುವುದರೊಳಗೆ ಉತ್ತರವನ್ನು ಹೇಳಿ ಮುಗಿಸಲಾಗಲಿಲ್ಲ. ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಅದು ರುಚಿಸಬಹುದೆಂದು ಇಲ್ಲಿ ಬರೆಯುತ್ತೇವೆ.

ಕ್ಯೂಬಾ ಕಬ್ಬಿನ ನಾಡು. ಅಲ್ಲಿಯ ಸಕ್ಕರೆಯ ದೊಡ್ಡ ಪಾಲನ್ನು ಸುಮಾರು ೯೦ ಮೈಲು ದೂರದಲ್ಲಿರುವ ಅಮೇರಿಕಾ ಸಂಯುಕ್ತ ಸಂಸ್ಥಾನವು ವರ್ಷವರ್ಷವೂ ಗೊತ್ತಾದ ಪರಿಮಾಣದಂತೆ ಕೊಳ್ಳುತ್ತಿದ್ದಿತು. ೧೯೫೯ರಲ್ಲಿ ಫಿಡೆಲ್ ಕ್ಯಾಸ್ಟ್ರೋ ಅಧಿಕಾರಕ್ಕೆ ಬಂದ ತರುವಾಯ ಇವರಿಬ್ಬರಿಗೂ ವೈಮನಸ್ಯವುಂಟಾಯಿತು. ೧೯೬೦ನೆಯ ಫೆಬ್ರವರಿಯಲ್ಲಿ ಸೋವಿಯತ್ ಮಂತ್ರಿ ಮಿಕೊಯಾನರು ಹವಾನಾ ಪಟ್ಟಣಕ್ಕೆ ಬಂದು, ಸಕ್ಕರೆಯನ್ನು ಕೊಳ್ಳುವೆವೆಂದು ಕರಾರು ಮಾಡಿದರು. ಪ್ರತಿಯಾಗಿ ಬಂದ ಸೋವಿಯತ್ ಕಚ್ಚಾ ಎಣ್ಣೆಯನ್ನು ಶುದ್ಧಿಮಾಡಲು ಅಲ್ಲಿದ್ದ ಪರದೇಶೀ ಕಾರಖಾನೆಗಳು ಒಪ್ಪಲಿಲ್ಲ. ಸರಕಾರವು ಅವುಗಳನ್ನು ವಶಪಡಿಸಿಕೊಂಡಿತು. ಜುಲೈ ತಿಂಗಳಲ್ಲಿ ಅಮೇರಿಕಾವು ಆ ವರ್ಷ ಕೊಳ್ಳಬೇಕಾಗಿದ್ದ ೭,೦೦,೦೦೦ ಟನ್ ಸಕ್ಕರೆಯನ್ನು ಬೇಡವೆಂದಿತು. ಅದನ್ನೂ ಸೋವಿಯತ್ತಿನವರೇ ಕೊಳ್ಳಲು ಮುಂದೆ ಬಂದರು. ೧೯೬೨ನೆಯ ಫೆಬ್ರವರಿಯಲ್ಲಿ ವ್ಯಾಪಾರದ ದಿಗ್ಬಂಧನವು ಪೂರ್ತಿಯಾಯಿತು.

ಹೊಸ ಅಂಗಡಿಯು ದೊರೆತೊಡನೆ ಸಂಸಾರದ ತೊಡಕು ತೀರಿತೆಂದು ಗೃಹಿಣಿಯರಾರೂ ನಂಬಲಾರರು. ಕ್ಯೂಬಾದ ಗಿರಣಿಗಳ ಯಂತ್ರಗಳೂ ಬಸ್ಸುಗಳೂ ಬಹುಮಟ್ಟಿಗೆ ಅಮೇರಿಕಾದವು. ಸವೆದುಹೋದ ಒಂದು ಬಿಡಿಭಾಗಕ್ಕೆ ರಷ್ಯಾದ ಭಾಗವು ಒಗ್ಗದು. ಒಂದೆರಡು ದಿನಗಳಲ್ಲಿ ಬರುತ್ತಿದ್ದ ಸರಕು ಈಗ ಮಹಾಸಾಗರವನ್ನು ದಾಟಿ ಬರಬೇಕಾಯಿತು. ಆದರೂ ಸೋವಿಯತ್ತಿನವರು ಮುಂದೆ ಸಕ್ಕರೆಗೆ ಲೋಕದ ಪೇಟೆಯ ಧಾರಣೆಗಿಂತ ಬಹಳ ಹೆಚ್ಚು ಬೆಲೆಯನ್ನು ಕಟ್ಟಿಕೊಟ್ಟು, ಎಣ್ಣೆಯನ್ನು ಧಾರಾಳವಾಗಿ ಕಳುಹಿಸುತ್ತಿದ್ದುದರಿಂದ ನಾಡು ನಡೆಯಿತು. ಆದರೆ ನಮಗೆ ತೋರುವ ಮಟ್ಟಿಗೆ, ಗಿರಾಕಿ ಬದಲಾದನೇ ಹೊರತು ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಳ್ಳುವ ರೂಢಿಯು ಬದಲಾಗಲಿಲ್ಲ. ಕಬ್ಬಿನ ಗದ್ದೆಯು ಕಬ್ಬಿನ ಗದ್ದೆಯಾಗಿಯೇ ಉಳಿಯಿತು. ಅಕ್ಕಿಯೂ ಗೋಧಿಯೂ ಹಡಗಿನಲ್ಲಿಯೇ ಬರುತ್ತಿದ್ದವು.

೧೯೯೧ರಲ್ಲಿ ಸೋವಿಯತ್ ಒಕ್ಕೂಟವೇ ಒಡೆದುಹೋಯಿತು. ಎಣ್ಣೆಯಿಲ್ಲದೆ ಟ್ರಾಕ್ಟರುಗಳು ನಿಂತವು, ಎತ್ತುಗಳು ಹೊಲಕ್ಕೆ ಮರಳಿದವು. ಬಸ್ಸುಗಳಿಲ್ಲದ ಪಟ್ಟಣಗಳಿಗೆ ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಬೈಸಿಕಲ್ಲುಗಳನ್ನು ತರಿಸಿದರು. ೧೯೯೨-೯೩ರಲ್ಲಿ ಸುಮಾರು ೫೦,೦೦೦ ಜನರಿಗೆ ಕಣ್ಣಿನ ಮತ್ತು ನರಗಳ ಬೇನೆಯುಂಟಾಯಿತು. ಸತ್ವವುಳ್ಳ ಆಹಾರದ ಕೊರತೆಯೇ ಅದರ ಮುಖ್ಯ ಕಾರಣವೆಂದು ವೈದ್ಯರು ಕಂಡುಕೊಂಡರು. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಇದೂ ಉತ್ತರದ ಒಂದು ಭಾಗವೇ. ಇದನ್ನು ಹೇಳಿದಾಗ ತರಗತಿಯು ನಿಶ್ಶಬ್ದವಾಯಿತು.

೨೦೦೦ದಲ್ಲಿ ವೆನೆಜುವೇಲಾ ದೇಶವು ದಿನಕ್ಕೆ ೫೩,೦೦೦ ಪೀಪಾಯಿ ಎಣ್ಣೆಯನ್ನು ಸುಲಭ ಕರಾರಿನಲ್ಲಿ ಕೊಡಲೊಪ್ಪಿತು. ಕ್ಯೂಬಾದಲ್ಲಿ ಕೊಡತಕ್ಕ ಸಕ್ಕರೆ ಸಾಕಷ್ಟಿರಲಿಲ್ಲ. ಆದರೆ ವೈದ್ಯರು ಹೇರಳವಾಗಿದ್ದರು, ಅವರನ್ನೇ ಸಾವಿರಗಟ್ಟಲೆಯಾಗಿ ಕಳುಹಿಸಿಕೊಟ್ಟಿತು. ತರುವಾಯ ವೆನೆಜುವೇಲಾ ತಾನೇ ಬಡತನಕ್ಕೆ ಬೀಳಲಾಗಿ ಆ ಎಣ್ಣೆಯೂ ಕಡಮೆಯಾಯಿತು.

ಇನ್ನೊಂದು ಮಾತು. ಅದೇ ೨೦೦೦ದಲ್ಲಿ, ಹಣವನ್ನು ಮುಂಗಡವಾಗಿ ತೆತ್ತರೆ ಆಹಾರಪದಾರ್ಥಗಳನ್ನು ಮಾರಬಹುದೆಂದು ಅಮೇರಿಕಾವು ತನ್ನ ಕಟ್ಟಳೆಯನ್ನು ಸಡಿಲಿಸಿತು. ೨೦೦೧ರಿಂದ ಕ್ಯೂಬಾದವರು ಕೋಳಿಮಾಂಸವನ್ನು ಆ ೯೦ ಮೈಲು ಆಚೆಯ ನೆರೆಯವರಿಂದಲೇ ಕೊಳ್ಳತೊಡಗಿದರು.