ಚಾರಣದ ಚೀಲ: ನಮ್ಮ ಕರಾವಳಿಗೆ ಏನು ಬೇಕು, ಏನು ಬೇಡ?

ಚಾರಣದ ಚೀಲ ತುಂಬೋದು ಹೇಗೆ ಅಂತ ಹುಡುಕಿದರೆ ಸಿಗುವುದು ಬಹುತೇಕ ಹಿಮಾಲಯದ ಪಟ್ಟಿ. ದಪ್ಪ ಜಾಕೆಟ್, ಉಣ್ಣೆ ಟೋಪಿ, ಕೈಗವಸು. ಅದನ್ನೇ ಹೊತ್ತು ಕಾರವಾರದ ಗುಡ್ಡಳ್ಳಿಗೋ ಹಣಕೋಣದ ಕಡೆಯ ಕಾಡಂಚಿಗೋ ಹೊರಟರೆ ಮಧ್ಯಾಹ್ನದೊಳಗೆ ಬೆನ್ನು ಬಾಗುತ್ತದೆ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಈ ಸೀಮೆಯಲ್ಲಿ ಕಾಡುವುದು ಚಳಿಯಲ್ಲ. ಬೆವರು ಮತ್ತು ಒದ್ದೆ.

ಭಾರ: ರಾತ್ರಿ ತಂಗುವ ಚಾರಣವಾದರೂ ಚೀಲ ನಿಮ್ಮ ತೂಕದ ಐದನೇ ಒಂದು ಭಾಗ ಮೀರದಿರಲಿ. 55 ಕೆ.ಜಿ. ಇರುವವರಿಗೆ 11 ಕೆ.ಜಿ. ಅದರಲ್ಲಿ ಮೂರು ಲೀಟರ್ ನೀರೇ ಮೂರು ಕೆ.ಜಿ! ಭಾರದ ಸಾಮಾನು ಬೆನ್ನಿಗೆ ಒತ್ತಿ ಮಧ್ಯದಲ್ಲಿರಲಿ, ರೇನ್‌ಕೋಟ್ ಮೇಲಿರಲಿ.

ಬಟ್ಟೆ: ಜೀನ್ಸ್ ಬೇಡವೇ ಬೇಡ, ನೆನೆದರೆ ಒಣಗುವುದಿಲ್ಲ. ಬೇಗ ಒಣಗುವ ತುಂಬುತೋಳಿನ ಅಂಗಿ, ಪ್ಯಾಂಟು ಸಾಕು. ಚೀಲದ ಮೇಲಿನ ಕವರ್ ನಂಬಬೇಡಿ. ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ ತುಂಬಿ. ರಾತ್ರಿಗೆಂದು ಒಂದು ಜೊತೆ ಒಣಬಟ್ಟೆ ಬೇರೆ ಕಟ್ಟಿಡಿ.

ತಿಂಡಿ: ಅವಲಕ್ಕಿ, ಬೆಲ್ಲ, ಶೇಂಗಾ. ಒಲೆ ಬೇಕಿಲ್ಲ, ಕೆಡುವುದಿಲ್ಲ. ಎರಡು ಪೊಟ್ಟಣ ಓಆರ್‌ಎಸ್ ಇರಲಿ.

ಉಂಬಳ, ಉಣ್ಣೆಹುಳ: ಮಳೆಗಾಲದ ಉಂಬಳಕ್ಕೆ ಒಂದು ಚಿಟಿಕೆ ಉಪ್ಪು ಸಾಕು. ಉಣ್ಣೆಹುಳ ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲೂ ಇದೆ. ಡಿಸೆಂಬರ್‌ನಿಂದ ಮೇವರೆಗೆ ಜೋರು. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸಿಕ್ಕಿಸಿ, ಡೆಪಾ ತೈಲ ಹಚ್ಚಿ, ಮರಳಿದ ಮೇಲೆ ಮೈ ನೋಡಿಕೊಳ್ಳಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಮರೆಯಬಾರದ್ದು: ಟಾರ್ಚ್, ಸೀಟಿ, ಪವರ್‌ಬ್ಯಾಂಕ್, ದಿನದ ಮಾತ್ರೆ. ಕಾಡಿನಲ್ಲಿ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಹೋಗುವ ದಾರಿ, ಮರಳುವ ಹೊತ್ತು ಬರೆದ ಚೀಟಿಯೊಂದು ಮನೆಯಲ್ಲಿರಲಿ. ಅರಣ್ಯದೊಳಗೆ ಹೋಗುವುದಾದರೆ ಇಲಾಖೆಯ ಅನುಮತಿ ಪಡೆಯಿರಿ.

ಇಷ್ಟೆಲ್ಲ ತುಂಬಿದ ಮೇಲೂ ಒಂದು ಕೆಲಸ ಬಾಕಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಹೆದ್ದಾರಿಯ ಮೇಲೆಯೇ. ಅಂಥ ಮಳೆಯ ಮುಂದೆ ಯಾವ ದುಬಾರಿ ಚೀಲವೂ ಲೆಕ್ಕಕ್ಕಿಲ್ಲ. ಹೊರಡುವ ಮುನ್ನ ಹವಾಮಾನ ಇಲಾಖೆಯ ಸೂಚನೆ ನೋಡಿ. ರೆಡ್ ಅಲರ್ಟ್ ಇದೆಯೇ? ಚೀಲ ಬಿಚ್ಚಿ, ಅವಲಕ್ಕಿಗೆ ಒಗ್ಗರಣೆ ಹಾಕಿ ಮನೆಮಂದಿಯೆಲ್ಲ ತಿನ್ನಿ. ಮುಂದಿನ ವಾರ ಹೋದರಾಯ್ತು.