ದೊಡ್ಡ ದರ್ಪಣದ ದೂರದರ್ಶಕವೂ ನಮ್ಮ ಊರಿನ ಆಕಾಶವೂ

ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಹೊಳೆಗೆ ಸಮೀಪವಾದ ಒಂದು ಮನೆಯ ತಾರಸಿಯ ಮೇಲೆ, ಹತ್ತು ಅಂಗುಲ ವ್ಯಾಸದ ದರ್ಪಣವುಳ್ಳ ದೂರದರ್ಶಕ ಯಂತ್ರವೊಂದನ್ನು ನಾನು ಕೆಲವು ವರ್ಷಗಳಿಂದ ಇಟ್ಟುಕೊಂಡಿರುತ್ತೇನೆ. ನೋಡಬಂದವರು ಮೊಟ್ಟಮೊದಲು ಕೇಳುವುದು, “ಇದು ಎಷ್ಟು ಪಾಲು ದೊಡ್ಡದಾಗಿ ತೋರಿಸುತ್ತದೆ?” ಎಂದು. ಕೇಳತಕ್ಕ ಪ್ರಶ್ನೆ ಅದಲ್ಲವೆಂಬುದನ್ನು ಅರಿಯಲು ನನಗೂ ಒಂದು ವರ್ಷ ಹಿಡಿಯಿತು. ಇಂಥ ಯಂತ್ರವನ್ನು ಮುಂದೆಂದಾದರೂ ಪಡೆಯಬೇಕೆಂದು ಆಶಿಸುವ ವಿದ್ಯಾರ್ಥಿನಿಯರಿಗೆ ಆ ಒಂದು ವರ್ಷವಾದರೂ ಉಳಿಯಲೆಂದು ಇದನ್ನು ಬರೆಯುತ್ತಿದ್ದೇನೆ.

ದೂರದರ್ಶಕದ ಮುಖ್ಯವಾದ ಕೆಲಸ ಬೆಳಕನ್ನು ಕೂಡಿಹಾಕುವುದು. ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆಯು ಸುಮಾರು 7 ಮಿಲಿಮೀಟರಿನಷ್ಟು ಅಗಲವಾಗಿ ತೆರೆದುಕೊಳ್ಳುತ್ತದೆ. ಹತ್ತು ಅಂಗುಲದ ದರ್ಪಣದ ಅಗಲ ಸುಮಾರು 250 ಮಿಲಿಮೀಟರು. ವಿಸ್ತೀರ್ಣವು ವ್ಯಾಸದ ವರ್ಗದಂತೆ ಹೆಚ್ಚುವುದರಿಂದ, ಬರಿಗಣ್ಣಿಗಿಂತ ಸುಮಾರು 1,275 ಪಾಲು ಬೆಳಕು ಅದರ ಮೇಲೆ ಬೀಳುವುದು. ಮಳೆಗೆ ಲೋಟವನ್ನಿಡುವುದಕ್ಕೂ ಕೊಪ್ಪರಿಗೆಯನ್ನಿಡುವುದಕ್ಕೂ ಇರುವ ಭೇದವೇ ಇದು. ದೊಡ್ಡದು ಮಾಡಿ ತೋರಿಸುವ ಕೆಲಸ ಕಣ್ಣಿನ ಬಳಿಯ ಚಿಕ್ಕ ಮಸೂರದ್ದು. ನನ್ನ ದರ್ಪಣದ ನಾಭಿದೂರ 1,250 ಮಿಲಿಮೀಟರು. 25 ಮಿಲಿಮೀಟರಿನ ಕಣ್ಮಸೂರವನ್ನಿಟ್ಟರೆ 50 ಪಾಲು, 10 ಮಿಲಿಮೀಟರಿನದನ್ನಿಟ್ಟರೆ 125 ಪಾಲು.

ಕೊಳವೆಯ ತಳದಲ್ಲಿ ನಿಮ್ನ ದರ್ಪಣ, ಬಾಯಿಯ ಬಳಿ ಓರೆಯಾಗಿ ನಿಲ್ಲಿಸಿದ ಚಿಕ್ಕ ಚಪ್ಪಟೆ ದರ್ಪಣ, ಪಕ್ಕದಲ್ಲಿ ಕಣ್ಣಿಡುವ ರಂಧ್ರ—ಇಷ್ಟೇ ಇದರ ರಚನೆ. ನ್ಯೂಟನ್ನನು 1668ರಲ್ಲಿ ಮಾಡಿದ ಯಂತ್ರದ ಕ್ರಮವೇ ಇದು. ಬಹು ದೊಡ್ಡ ಮಸೂರವನ್ನು ಅಂಚಿನಲ್ಲಿ ಮಾತ್ರ ಹಿಡಿದು ನಿಲ್ಲಿಸಬೇಕಾಗುವುದರಿಂದ ಅದು ತನ್ನ ಭಾರಕ್ಕೇ ಬಾಗುವುದು. ದರ್ಪಣಕ್ಕೆ ಹಿಂದಿನಿಂದ ಆಧಾರ ಕೊಡಬಹುದು. ಆದುದರಿಂದಲೇ ದೊಡ್ಡ ಯಂತ್ರಗಳೆಲ್ಲ ದರ್ಪಣದವು. ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಸ್ಥಾಪಿತವಾದ 2.34 ಮೀಟರಿನ ವೈನು ಬಾಪು ದೂರದರ್ಶಕದ ದರ್ಪಣವನ್ನು ಉಜ್ಜಿ ನಯಮಾಡಿದುದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ.

ಉಜ್ಜುವ ಕೆಲಸವೆಂದರೆ ಕ್ಯಾರೊಲಿನ್ ಹರ್ಷೆಲಳನ್ನು ನೆನೆಯದಿರಲಾಗದು. ಅವಳ ಅಣ್ಣ ವಿಲಿಯಂ ಹರ್ಷೆಲನು ತಾನೇ ಮಾಡಿಕೊಂಡ ದರ್ಪಣದ ಯಂತ್ರದಿಂದ 1781ರಲ್ಲಿ ಯುರೇನಸ್ ಗ್ರಹವನ್ನು ಕಂಡನು. ಆಗಿನ ದರ್ಪಣಗಳು ತಾಮ್ರ ತವರಗಳ ಮಿಶ್ರಲೋಹದವು. ಒಮ್ಮೆ ಹದಿನಾರು ಗಂಟೆಗಳ ಕಾಲ ಕೈ ತೆಗೆಯದೆ ಅವನು ಉಜ್ಜುತ್ತಿರಲು, ಕ್ಯಾರೊಲಿನಳು ತುತ್ತು ಮಾಡಿ ಅವನ ಬಾಯಿಗಿಡುತ್ತಿದ್ದಳಂತೆ. ಪುಸ್ತಕಗಳು ಅವಳ ವಿಷಯವನ್ನು ಹೆಚ್ಚಾಗಿ ಈ ತುತ್ತಿಗೇ ಮುಗಿಸಿಬಿಡುವುದು ನ್ಯಾಯವಲ್ಲ. ಅವಳು 1786ರಿಂದ 1797ರ ವರೆಗೆ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು. 1787ರಿಂದ ಅಣ್ಣನ ಸಹಾಯಕಳಾಗಿ ವರ್ಷಕ್ಕೆ 50 ಪೌಂಡುಗಳ ವೇತನವನ್ನೂ ಪಡೆದಳು.

ಇನ್ನು ಯಂತ್ರವನ್ನು ಕಾಪಾಡುವ ಮಾತು. ಇಂದಿನ ದರ್ಪಣ ಗಾಜಿನದು. ಅದರ ಮುಖದ ಮೇಲೆ ಅತಿ ತೆಳುವಾದ ಅಲ್ಯೂಮಿನಿಯಂ ಲೇಪವಿರುತ್ತದೆ. ಮೊದಲನೆಯ ಮಳೆಗಾಲ ಕಳೆದು ಮುಚ್ಚಳ ತೆಗೆದಾಗ ಅಲ್ಲಲ್ಲಿ ಬೂಷ್ಟು ಕಟ್ಟಿದ್ದಿತು. ಮುಖ ನೋಡುವ ಕನ್ನಡಿಯೆಂದೇ ಭಾವಿಸಿ ಮೆತ್ತನೆಯ ಪಂಚೆಯಿಂದ ಚೆನ್ನಾಗಿ ಒರೆಸಿದೆನು. ಆ ಗೀರುಗಳು ಇಂದಿಗೂ ಇವೆ. ಬಟ್ಟಿಯಿಳಿಸಿದ ನೀರನ್ನು ಹರಿಯಬಿಟ್ಟು, ನೆನೆದ ಹತ್ತಿಯನ್ನು ಅದರ ಭಾರದಿಂದಲೇ ಜಾರಿಸಿ, ತಾನಾಗಿ ಒಣಗಲು ಬಿಡಬೇಕಾಗಿದ್ದಿತು. ಸ್ವಲ್ಪ ಧೂಳಿದ್ದರೆ ಮುಟ್ಟದಿರುವುದೇ ಲೇಸು. ಜೂನಿನಿಂದ ಸೆಪ್ಟೆಂಬರಿನ ವರೆಗೆ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಡನೆ ಮುಚ್ಚಿಡುವುದನ್ನು ಆಮೇಲೆ ಕಲಿತೆನು.

ಯಂತ್ರವನ್ನು ಹೊರಗಿಟ್ಟ ಕೂಡಲೆ ನೋಡಲೂ ಬಾರದು. ಹಗಲಿನ ಬಿಸಿ ದಪ್ಪ ಗಾಜಿನಲ್ಲಿ ಉಳಿದಿರುವ ತನಕ ಬಿಂಬವು ಬಿಸಿ ಕಾವಲಿಯ ಮೇಲಣ ಗಾಳಿಯಂತೆ ನಡುಗುತ್ತಿರುವುದು. ಒಂದು ಗಂಟೆ ಕಾಯಬೇಕು. ಮಾಘಮಾಸದಲ್ಲಿ ಹೊಳೆಯ ಕಡೆಯಿಂದ ಮಂಜು ಏಳುವುದಕ್ಕೆ ಮೊದಲು ಕೆಲಸ ಮುಗಿಯಬೇಕು. ಸೂರ್ಯನ ಕಡೆಗಂತೂ ಇದನ್ನು ಎಂದಿಗೂ ತಿರುಗಿಸಬಾರದು. ಕ್ಷಣಮಾತ್ರದಲ್ಲಿ ಕಣ್ಣು ಹೋಗುವುದು.

ನಮ್ಮ ಊರಿಗೆ ಬೆಂಕಿಪುರವೆಂಬ ಹಳೆಯ ಹೆಸರಿದೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ತೊಡಗಿ ಆ ಹೆಸರಿಗೆ ಹೊಸ ಅರ್ಥ ಕೊಟ್ಟಿತು. ಈಗ ಬೀದಿದೀಪಗಳು ಇನ್ನೊಂದನ್ನು ಕೊಡುತ್ತಿವೆ. ಚಂದ್ರನಿಗೂ ಗುರು ಶನಿಗಳಿಗೂ ಜೋಡಿ ನಕ್ಷತ್ರಗಳಿಗೂ ಇದರಿಂದ ಹೆಚ್ಚು ಬಾಧಕವಿಲ್ಲ. ಮಸುಕಾದ ನೀಹಾರಿಕೆಗಳು ಮಾತ್ರ ಅಳಿಸಿಹೋಗುತ್ತವೆ. ದರ್ಪಣವನ್ನು ಹಿರಿದು ಮಾಡಿದರೂ ಪರಿಹಾರವಿಲ್ಲ. ಅದು ದೀಪಗಳಿಂದ ಬೆಳಗಿದ ಆಕಾಶವನ್ನೂ ಅಷ್ಟೇ ಧಾರಾಳವಾಗಿ ಕೂಡಿಹಾಕುವುದು.

ಒಂದು ಏಪ್ರಿಲ್ ತಿಂಗಳಿನ ಅಮಾವಾಸ್ಯೆಯಂದು ಯಂತ್ರವನ್ನು ಲಕ್ಕವಳ್ಳಿಯ ಕಡೆಗೆ ಸಾಗಿಸಿದೆವು. ದಾರಿಯ ಕುಲುಕಾಟಕ್ಕೆ ದರ್ಪಣಗಳು ಓರೆಯಾಗಿದ್ದುದರಿಂದ ಹಿಂದಿನ ಮೂರು ತಿರುಪುಗಳನ್ನು ತಿರುಗಿಸಿ ಸರಿಪಡಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ದಕ್ಷಿಣದಲ್ಲಿ, ಕಿನ್ನರ ಮಂಡಲದ ಒಮೆಗ ಎಂಬ ಗೋಳಾಕಾರದ ತಾರಾಗುಚ್ಛ ಮೇಲೇರಿದ್ದಿತು. ಊರಿನಲ್ಲಿ ಹೊಗೆಯ ಉಂಡೆಯಂತಿದ್ದುದು ಅಲ್ಲಿ ಚೆಲ್ಲಿದ ರವೆಯಂತೆ ಕಣಕಣವಾಗಿ ಒಡೆಯಿತು. ಸುಮಾರು 17,000 ಜ್ಯೋತಿರ್ವರ್ಷಗಳ ದೂರದ ಈ ಗುಚ್ಛದಲ್ಲಿ ಲಕ್ಷಾಂತರ ನಕ್ಷತ್ರಗಳಿವೆ. ನಾವು ಸಮಭಾಜಕವೃತ್ತಕ್ಕೆ ಕೇವಲ 14 ಅಂಶ ಉತ್ತರದಲ್ಲಿರುವುದರಿಂದ ಅದು ನಮಗೆ ಆಕಾಶದಲ್ಲಿ ಸುಮಾರು 28 ಅಂಶ ಎತ್ತರಕ್ಕೆ ಬರುವುದು. ಇಂಗ್ಲೆಂಡಿನಲ್ಲಿ ಅದು ಉದಯಿಸುವುದೇ ಇಲ್ಲ. ಕ್ಯಾರೊಲಿನಳು ತನ್ನ ತೊಂಬತ್ತೇಳು ವರ್ಷಗಳ ಆಯುಷ್ಯದಲ್ಲಿ ಅದನ್ನು ಒಮ್ಮೆಯೂ ಕಾಣಲಿಲ್ಲ.

ಯಂತ್ರದ ಪೀಠ ಮರದ ಸರಳ ಪೆಟ್ಟಿಗೆ. ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸಂಘದ ಮಠದಲ್ಲಿದ್ದ ಜಾನ್ ಡಾಬ್ಸನ್ ಎಂಬವರು ಬಳಕೆಗೆ ತಂದ ಈ ಪೀಠವನ್ನು ಎಳೆಯ ಕೈಯೂ ತಿರುಗಿಸಬಲ್ಲದು. ಕಳೆದ ಬಾರಿ ನೆರೆಬೀದಿಯ ಬಾಲಕಿಯೊಬ್ಬಳು 125 ಪಾಲಿನಲ್ಲಿ ಶನಿಯನ್ನೂ ಅದರ ಬಳೆಗಳನ್ನೂ ನೋಡಿ, “ಒಳಗೆ ಚಿತ್ರ ಅಂಟಿಸಿದ್ದೀರಾ, ಮೇಷ್ಟ್ರೇ?” ಎಂದು ಕೇಳಿದಳು. ಕೊಳವೆಯನ್ನು ಮುಟ್ಟದೆ ಸುಮ್ಮನೆ ನೋಡುತ್ತಿರುವಂತೆ ಹೇಳಿದೆನು. ಭೂಮಿಯ ತಿರುಗುವಿಕೆಯಿಂದ ಶನಿಯು ಮೆಲ್ಲಗೆ ಜರುಗಿ, ಎರಡು ನಿಮಿಷಗಳೊಳಗೆ ಅಂಚನ್ನು ದಾಟಿ ಮರೆಯಾಯಿತು. ಅವಳು ತಲೆಯೆತ್ತಿ ಆಕಾಶವನ್ನೊಮ್ಮೆ ನೋಡಿ, ಕೊಳವೆಯನ್ನು ತಾನೇ ಮೆಲ್ಲನೆ ತಳ್ಳಿ, ಅದನ್ನು ಮತ್ತೆ ಹಿಡಿದಳು.